ಶಾಖ ಕೊಟ್ಟ ಮೇಲೆ ಕಾಲು ಆಡಿಸಿ: ಸವೆದ ಮೊಣಕಾಲಿಗೆ ಬಿಸಿ ಹಿಡಿಯುವ ಕ್ರಮ

ಬಾಗಲಕೋಟೆಯ ನವನಗರದಲ್ಲಿ ನಾನು ಫಿಸಿಯೋಥೆರಪಿ ಮಾಡುತ್ತೇನೆ. ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನದ ಮೇಲೆ ಸ್ಕೂಟಿ ತೆಗೆದುಕೊಂಡು ಮನೆ ಮನೆಗೆ. ಬರುವವರಲ್ಲಿ ಮೊಣಕಾಲು ನೋವಿನವರೇ ಜಾಸ್ತಿ. ಒಲೆ ಮುಂದೆ ಕೂತು ರೊಟ್ಟಿ ಬಡಿದವರು, ಗುಳೇದಗುಡ್ಡ, ಇಳಕಲ್ ಕಡೆ ಕುಣಿ ಮಗ್ಗದಲ್ಲಿ ಕಾಲಿಳಿಸಿ ಕೂತು ನೇಯ್ದವರು, ಹೊಲದಲ್ಲಿ ಕುಕ್ಕರಗಾಲಲ್ಲಿ ಕಸ ತೆಗೆದವರು. ನನ್ನ ಹತ್ತಿರ ಬರುವ ಮೊದಲೇ ಇವರೆಲ್ಲ ಮನೆಯಲ್ಲಿ ಶಾಖ ಕೊಟ್ಟು ನೋಡಿರುತ್ತಾರೆ. "ಶೇಕ ಕೊಟ್ಟೇನ್ರಿ ಅಕ್ಕಾರ. ಕೊಟ್ಟಾಗ ಆರಾಮ ಅನಸ್ತೈತಿ, ಎರಡು ತಾಸಿಗೆ ಮತ್ತ ಹಂಗ." ಈ ಮಾತನ್ನು ದಿನಾ ಕೇಳುತ್ತೇನೆ.

ಅವರು ಹೇಳುವುದು ನಿಜ. ಶಾಖದ ಆರಾಮ ಸ್ವಲ್ಪ ಹೊತ್ತಿನದೇ. ಆ ಸ್ವಲ್ಪ ಹೊತ್ತನ್ನು ಹೇಗೆ ಬಳಸುತ್ತೀರಿ ಅನ್ನುವುದೇ ಮುಖ್ಯ. ಬಿಸಿ ಹಿಡಿದು ಹಾಗೇ ಮಲಗಿಬಿಟ್ಟರೆ ಎರಡು ತಾಸಿಗೆ ನೋವು ವಾಪಸ್. ಬಿಸಿ ಹಿಡಿದು, ಕಾಲು ಸಡಿಲಾದ ಅರ್ಧ ತಾಸಿನಲ್ಲಿ ತೊಡೆಯ ಸ್ನಾಯುಗಳಿಗೆ ಕೆಲಸ ಕೊಟ್ಟರೆ, ಒಂದೆರಡು ತಿಂಗಳಲ್ಲಿ ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಹಗುರಾಗುತ್ತ ಬರುತ್ತದೆ. ನಾನು ಶಾಖ ಕೊಡಿಸುವುದು ಈ ಅರ್ಧ ತಾಸಿಗಾಗಿ. ಹಾಗಾಗಿ ಬಿಸಿ ಹಿಡಿಯುವ ಕ್ರಮ, ಆಮೇಲೆ ಮಾಡಬೇಕಾದ ವ್ಯಾಯಾಮ, ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲು ಅಂಗೈ ತಿರುಗಿಸಿ ಮುಟ್ಟಿ ನೋಡಿ

ಎಲ್ಲ ಮೊಣಕಾಲು ನೋವಿಗೂ ಬಿಸಿ ಆಗುವುದಿಲ್ಲ. ಕೈಯ ಹಿಂಭಾಗವನ್ನು ಎರಡೂ ಮೊಣಕಾಲಿನ ಮೇಲೆ ಒಂದಾದ ಮೇಲೊಂದು ಇಟ್ಟು ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಚೆನ್ನಾಗಿ ಬಿಸಿ ಇದೆ, ಕೆಂಪಾಗಿದೆ, ಊದಿಕೊಂಡು ಚಿಪ್ಪು ಕಾಣದಂತಾಗಿದೆ ಅಂದರೆ ಅವತ್ತು ಶಾಖ ಬೇಡ. ಒಳಗೆ ಉರಿಯೂತ ಇರುವಾಗ ಬಿಸಿ ಕೊಟ್ಟರೆ ಬಾವು ಇನ್ನೂ ಏರುತ್ತದೆ. ಅಂಥ ದಿನ ತಣ್ಣೀರಿನ ಬಟ್ಟೆ, ಇಲ್ಲವೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಕೆಂಪು, ಬಾವಿನ ಜೊತೆ ಜ್ವರವೂ ಇದ್ದರೆ ಮನೆಯಲ್ಲಿ ಏನೂ ಮಾಡಬೇಡಿ, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಕೀಲಿನೊಳಗೆ ಸೋಂಕು ಆಗಿದ್ದರೆ ಕೆಲವೇ ದಿನಗಳಲ್ಲಿ ಕೀಲು ಹಾಳಾಗುತ್ತದೆ.

ಬಿದ್ದು ಪೆಟ್ಟಾಗಿದ್ದರೆ ಮೊದಲ ಎರಡು ದಿನ ಬಿಸಿ ಬೇಡ. ಮೀನಖಂಡ ಒಂದೇ ಕಾಲಿನಲ್ಲಿ ಊದಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಮೊಣಕಾಲಿನ ಸಮಸ್ಯೆಯೇ ಅಲ್ಲದಿರಬಹುದು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ ಹೀಗಾಗುತ್ತದೆ. ಅಲ್ಲಿ ಶಾಖವೂ ಬೇಡ, ತಿಕ್ಕುವುದೂ ಬೇಡ. ಬೇಗ ಡಾಕ್ಟರಿಗೆ ತೋರಿಸಿ.

ಸವೆತದ ಮೊಣಕಾಲು ಬೇರೆ ಥರ. ಸಾಮಾನ್ಯವಾಗಿ ನಲವತ್ತೈದು, ಐವತ್ತು ದಾಟಿದವರಲ್ಲಿ ಶುರುವಾಗುತ್ತದೆ. ನಡೆದಾಗ, ಮೆಟ್ಟಿಲು ಇಳಿದಾಗ, ನೆಲದಿಂದ ಎದ್ದಾಗ ನೋವು. ಕೂತರೆ ಕಡಿಮೆ. ಬೆಳಿಗ್ಗೆ ಎದ್ದಾಗ ಬಿಗಿ ಹಿಡಿದಿರುತ್ತದೆ, ಅರ್ಧ ತಾಸಿನೊಳಗೆ ಬಿಡುತ್ತದೆ. ಮಡಚಿದರೆ ಕಟಕಟ ಸದ್ದು. ಇದೇ ಆಸ್ಟಿಯೋಆರ್ಥ್ರೈಟಿಸ್. ಬೆಳಗಿನ ಬಿಗಿತ ಒಂದು ತಾಸಿಗೂ ಮೀರಿ ಇರುತ್ತದೆ, ಎರಡೂ ಕೈಗಳ ಬೆರಳ ಗೆಣ್ಣುಗಳು ಊದಿಕೊಳ್ಳುತ್ತವೆ ಅಂದರೆ ಅದು ರುಮಟಾಯ್ಡ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ, ಇರಬಹುದು. ಅದಕ್ಕೆ ರಕ್ತ ಪರೀಕ್ಷೆ, ಬೇರೆಯೇ ಔಷಧಿ ಬೇಕು. ಶಾಖ ಕೊಡುತ್ತ ತಿಂಗಳುಗಟ್ಟಲೆ ಕೂರಬೇಡಿ.

ಬಿಸಿ ಒಳಗೆ ಏನು ಮಾಡುತ್ತದೆ

ನಾವು ಮನೆಯಲ್ಲಿ ಕೊಡುವ ಬಿಸಿ ಚರ್ಮದಿಂದ ಒಂದೆರಡು ಸೆಂಟಿಮೀಟರ್ ಒಳಗೆ ಇಳಿಯುತ್ತದೆ, ಅಷ್ಟೇ. ಮೊಣಕಾಲಿನ ಕೀಲು ಚರ್ಮಕ್ಕೆ ಹತ್ತಿರ ಇರುವುದರಿಂದ ಅಲ್ಲಿ ಇದರ ಉಪಯೋಗ ಚೆನ್ನಾಗಿ ಗೊತ್ತಾಗುತ್ತದೆ. ಸೊಂಟದ ಕೀಲು ಬಹಳ ಆಳದಲ್ಲಿದೆ. ಅಲ್ಲಿ ಮೇಲಿನ ಸ್ನಾಯು ಸಡಿಲಾಗುತ್ತದೆ, ಕೀಲಿಗೆ ಬಿಸಿ ಮುಟ್ಟುವುದಿಲ್ಲ. ಬಿಸಿ ತಾಗಿದ ಕಡೆ ರಕ್ತದ ಓಡಾಟ ಹೆಚ್ಚುತ್ತದೆ. ನೋವಿಗೆ ಹೆದರಿ ಬಿಗಿ ಹಿಡಿದ ಸ್ನಾಯು ಬಿಡುತ್ತದೆ. ಕೀಲಿನ ಸುತ್ತಲಿನ ನಾರುಗಳು ಎಳೆದರೆ ಸ್ವಲ್ಪ ಜಾಸ್ತಿ ಹಿಗ್ಗುತ್ತವೆ. ಬಿಸಿಯ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಹೋಗಿ, ನೋವಿನ ಸುದ್ದಿಯನ್ನು ಅಲ್ಲೇ ಒಂದಿಷ್ಟು ತಡೆಯುತ್ತದೆ.

ಎಲುಬಿನ ತುದಿಯಲ್ಲಿ ಸವೆದುಹೋದ ನುಣುಪು ಪದರ ಮಾತ್ರ ಶಾಖದಿಂದ ಮತ್ತೆ ಬೆಳೆಯುವುದಿಲ್ಲ. ಯಾರಾದರೂ ಬೆಳೆಸುತ್ತೇವೆ ಅಂದರೆ ನಂಬಬೇಡಿ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮ, ತೂಕ ಇಳಿಸುವುದು, ಕೈಕೋಲು, ಇವನ್ನು ಮೊಣಕಾಲು ಸವೆತಕ್ಕೆ ಒತ್ತಿ ಹೇಳಿದ್ದಾರೆ. ಬಿಸಿ, ತಂಪಿನ ಚಿಕಿತ್ಸೆಯನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿಟ್ಟು, ಬೇಕಾದವರು ಮಾಡಬಹುದು ಅಂದಿದ್ದಾರೆ. ನನ್ನ ಅನುಭವವೂ ಅದೇ.

ಸಕ್ಕರೆ ಕಾಯಿಲೆ ಇರುವವರು ಇದನ್ನು ದಾಟಿ ಮುಂದೆ ಹೋಗಬೇಡಿ

ನನಗೆ ಬಹಳ ಕಾಳಜಿ ಇರುವುದು ಇಲ್ಲೇ. ಹಳೇ ಊರಿನಲ್ಲಿ ಒಬ್ಬ ಕಾಕಾ ಇದ್ದಾರೆ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿದೆ. ರಾತ್ರಿ ಬಿಸಿನೀರಿನ ಚೀಲ ಮೊಣಕಾಲಿನ ಮೇಲೆ ಇಟ್ಟುಕೊಂಡು ಮಲಗಿದ್ದಾರೆ. ಚೀಲ ಜಾರಿ ಮುಂಗಾಲಿಗೆ ತಾಗಿಕೊಂಡಿದೆ. ಬೆಳಿಗ್ಗೆ ಸೊಸೆ ಚಹಾ ಕೊಡಲು ಬಂದಾಗ ನೋಡಿದರೆ ಅಂಗೈಯಷ್ಟು ಅಗಲದ ಬೊಬ್ಬೆ. ಕಾಕಾನಿಗೆ ಗೊತ್ತೇ ಆಗಿಲ್ಲ. ಆ ಗಾಯ ಮಾಯಲು ತಿಂಗಳುಗಳೇ ಹಿಡಿದವು. ಸುಟ್ಟದ್ದು ಗೊತ್ತಾಗದೆ ಇರುವುದೇ ಈ ಕಾಯಿಲೆಯ ಅಪಾಯ. ಕಾಲಿನ ನರಗಳು ಸೊರಗಿದ್ದರೆ ಬಿಸಿ ಬಿಸಿ ಅನಿಸುವುದೇ ಇಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅಜ್ಜಿಯೋ ಕಾಕಾನೋ, ಅವರು ಕಣ್ಣು ಮುಚ್ಚಿ ಕೂರಲಿ. ನೀವು ಹತ್ತಿಯ ಒಂದು ಎಳೆ ತೆಗೆದುಕೊಂಡು ಪಾದ, ಮುಂಗಾಲು, ಮೊಣಕಾಲಿನ ಸುತ್ತ ಅಲ್ಲಲ್ಲಿ ಸವರಿ. ತಾಗಿದಾಗಲೆಲ್ಲ ಅವರು "ಹಾಂ" ಅನ್ನಬೇಕು. ಆಮೇಲೆ ಎರಡು ಸ್ಟೀಲ್ ಚಮಚ ತಗೊಳ್ಳಿ. ಒಂದನ್ನು ತಣ್ಣೀರಿನಲ್ಲಿ ಅದ್ದಿ, ಒಂದನ್ನು ಜಳಕದ ನೀರಿನಷ್ಟು ಬೆಚ್ಚಗಿನ ನೀರಿನಲ್ಲಿ. ಒರೆಸಿ, ಒಂದೊಂದಾಗಿ ಚರ್ಮಕ್ಕೆ ಮುಟ್ಟಿಸಿ, "ಬಿಸಿಯೋ ತಣ್ಣಗೋ" ಕೇಳಿ. ಸರದಿ ಬದಲಾಯಿಸುತ್ತ ಇರಿ, ಇಲ್ಲದಿದ್ದರೆ ಊಹೆ ಮಾಡಿ ಹೇಳಿಬಿಡುತ್ತಾರೆ. ಮೊಣಕಾಲಿನ ಸುತ್ತ ಒಂದೆರಡು ಕಡೆ ತಪ್ಪಿದರೂ ಬಿಸಿ ಬೇಡ. ಅಂಥವರು ನೇರವಾಗಿ ವ್ಯಾಯಾಮಕ್ಕೆ ಹೋಗಿ. ಬಿಸಿ ಇಲ್ಲದೆಯೂ ವ್ಯಾಯಾಮ ಕೆಲಸ ಮಾಡುತ್ತದೆ. ಮೊಣಕಾಲಿನಲ್ಲಿ ಗೊತ್ತಾಗಿ ಪಾದದಲ್ಲಿ ಗೊತ್ತಾಗದಿದ್ದರೆ, ಪಾದಕ್ಕೆ ಬಿಸಿ ತಾಗದ ಹಾಗೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಮಾತ್ರ ಮಾಡಿ.

ಮೊಣಕಾಲು ಬದಲಾಯಿಸುವ ಆಪರೇಷನ್ ಆದವರಿಗೂ ಒಂದು ಮಾತು. ಹೊಲಿಗೆಯ ಗುರುತಿನ ಹೊರಬದಿಗೆ ಸ್ವಲ್ಪ ಜಾಗ ಮರಗಟ್ಟಿದಂತೆ ಇರುತ್ತದೆ ಅಲ್ವಾ? ಆಪರೇಷನ್ನಿನಲ್ಲಿ ಅಲ್ಲಿಯ ಚರ್ಮಕ್ಕೆ ಹೋಗುವ ಸಣ್ಣ ನರ ಕತ್ತರಿಸುವುದರಿಂದ ಹಾಗೆ. ಗಾಯ ಪೂರ್ತಿ ಮಾಗಿದ ಮೇಲೆ ಡಾಕ್ಟರ್ ಒಪ್ಪಿದರೆ ಬೆಚ್ಚಗಿನ ಶಾಖ ಆಗುತ್ತದೆ, ಆದರೆ ಆ ಜಾಗವನ್ನು ಬಿಟ್ಟು. ಕಾಲಿಗೆ ರಕ್ತ ಸರಿಯಾಗಿ ಹರಿಯದವರು, ಅಂದರೆ ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾಗುವವರು, ಡಾಕ್ಟರನ್ನು ಕೇಳದೆ ಶಾಖ ಕೊಡಬೇಡಿ.

ಒದ್ದೆ ಟವೆಲ್ಲಿನ ಶಾಖ

ಎಲ್ಲದಕ್ಕಿಂತ ನನಗೆ ಇಷ್ಟವಾದದ್ದು ಇದು. ಖರ್ಚಿಲ್ಲ. ಮೊಣಕಾಲಿನ ಸುತ್ತ ಅಚ್ಚುಕಟ್ಟಾಗಿ ಕೂರುತ್ತದೆ. ಬಹಳ ಬಿಸಿಯಾದರೂ ನಿಮಿಷದಲ್ಲಿ ತಾನೇ ಇಳಿಯುತ್ತದೆ, ಹಾಗಾಗಿ ಅಪಾಯ ಕಡಿಮೆ.

ನೀರಿನ ಲೆಕ್ಕ ಮೊದಲು. ನಮಗೆ ಬೇಕಾದದ್ದು 45 ಡಿಗ್ರಿ ಆಸುಪಾಸು. ಥರ್ಮಾಮೀಟರ್ ಯಾರ ಮನೆಯಲ್ಲೂ ಇರುವುದಿಲ್ಲ, ತಂಬಿಗೆ ಎಲ್ಲರ ಮನೆಯಲ್ಲೂ ಇರುತ್ತದೆ. ಚಳಿಗಾಲದಲ್ಲಿ ತೊಟ್ಟಿಯ ನೀರು 22 ಡಿಗ್ರಿ ಇದ್ದರೆ, ಕುದಿಯುವ ನೀರು ಒಂದು ತಂಬಿಗೆಗೆ ತಣ್ಣೀರು ಎರಡು ತಂಬಿಗೆ ಹಾಕಿ. 48ರ ಹತ್ತಿರ ಬರುತ್ತದೆ. ಬಕೆಟ್ ಒಂದಿಷ್ಟು ಹೀರಿಕೊಂಡು ಇನ್ನೂ ಸ್ವಲ್ಪ ಇಳಿಯುತ್ತದೆ. ಬೇಸಿಗೆಯಲ್ಲಿ ಇದೇ ಲೆಕ್ಕ ಹಿಡಿದರೆ ಕೆಟ್ಟಿತು. ಮೇಲಿನ ಟ್ಯಾಂಕಿನ ನೀರು ಬಿಸಿಲಿಗೆ 36 ಡಿಗ್ರಿ ಆಗಿದ್ದರೆ ಒಂದಕ್ಕೆ ಎರಡರ ಲೆಕ್ಕದಲ್ಲಿ 57ಕ್ಕೆ ಹೋಗುತ್ತದೆ. ಆಗ ಒಂದಕ್ಕೆ ನಾಲ್ಕೈದು ತಂಬಿಗೆ ಬೇಕು. ನೆನಪಿಡಿ, 60 ಡಿಗ್ರಿ ನೀರು ಐದು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ನೀರು ಹದವಾಗಿದೆಯೋ ನೋಡಲು ಅಂಗೈ ಹಾಕಬೇಡಿ. ನಮ್ಮ ಕಡೆಯ ಹೆಣ್ಣುಮಕ್ಕಳು ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವುವವರು. ಆ ಅಂಗೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಮೊಣಕೈ ಅದ್ದಿ ನೋಡಿ. ಬಿಸಿ ಚೆನ್ನಾಗಿ ಗೊತ್ತಾಗಬೇಕು, ಆದರೆ ಮೊಣಕೈಯನ್ನು ಅಲ್ಲೇ ಇಟ್ಟುಕೊಂಡು ನಿಧಾನಕ್ಕೆ ಹತ್ತು ಎಣಿಸಲು ಆಗಬೇಕು.

ದಪ್ಪ ಟರ್ಕಿ ಟವೆಲ್ ಎರಡು ಇರಲಿ. ಒಂದನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ. ಎರಡೂ ತುದಿ ಕೈಯಲ್ಲಿ ಹಿಡಿದು ನಡುಭಾಗ ಮಾತ್ರ ನೀರಿಗೆ ಇಳಿಸಿ. ಒಣ ತುದಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ತಿರುವಿ ಹಿಂಡಿದರೆ ಕೈಗೆ ಬಿಸಿ ತಾಗುವುದಿಲ್ಲ. ಹನಿ ಬೀಳದಷ್ಟು ಹಿಂಡಿ. ನೀರು ಸೋರುವ ಟವೆಲ್ ಜಾಸ್ತಿ ಸುಡುತ್ತದೆ, ಹಾಸಿಗೆಯನ್ನೂ ತೋಯಿಸುತ್ತದೆ. ಮೊಣಕಾಲಿನ ಮುಂದೆ, ಎರಡೂ ಬದಿಗೆ ಸುತ್ತಿ. ಚಿಪ್ಪಿನ ಮೇಲೆ ಒಂದು ಗೇಣು ತೊಡೆಯೂ ಅದರೊಳಗೆ ಬರಲಿ. ನೋವು ಚಿಪ್ಪಿನ ಕೆಳಗೆ ಅನಿಸಿದರೂ ಬಿಗಿ ಹಿಡಿದಿರುವುದು ತೊಡೆಯ ಸ್ನಾಯು. ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒಣ ಬಟ್ಟೆ ಹೊದಿಸಿ. ನಾಲ್ಕೈದು ನಿಮಿಷಕ್ಕೆ ಆರುತ್ತದೆ, ಆಗ ಎರಡನೇ ಟವೆಲ್. ನೀರು ಆರುತ್ತ ಬಂದಾಗ ಒಂದಿಷ್ಟು ಬಿಸಿನೀರು ಸೇರಿಸಿ ಮತ್ತೆ ಮೊಣಕೈ ಅದ್ದಿ ನೋಡಿ. ಒಟ್ಟು ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ಗುಣ ಅನ್ನುವುದು ಇಲ್ಲ.

ಐದು ನಿಮಿಷಕ್ಕೊಮ್ಮೆ ಟವೆಲ್ ಎತ್ತಿ ಚರ್ಮ ನೋಡಲೇಬೇಕು. ಕಪ್ಪು ಚರ್ಮದಲ್ಲಿ ಕೆಂಪು ಬೇಗ ಕಾಣುವುದಿಲ್ಲ, ಬೆಳಕಿಗೆ ಹಿಡಿದು ನೋಡಿ. ಎಲ್ಲ ಕಡೆ ಒಂದೇ ಸಮ ತೆಳುವಾಗಿ ಕೆಂಪಾಗಿದ್ದರೆ ಸರಿ. ಅಲ್ಲಲ್ಲಿ ಬಿಳಿ ಮಚ್ಚೆ, ಅಲ್ಲಲ್ಲಿ ಗಾಢ ಕೆಂಪು ಕಂಡರೆ, ಚುರುಚುರು ಅಂದರೆ ತೆಗೆದುಬಿಡಿ.

ಕೂರುವ ಬಗೆ: ಮಂಚದ ಮೇಲೆ ಕಾಲು ಚಾಚಿ, ಬೆನ್ನಿಗೆ ಗೋಡೆ. ಶಾಖ ಕೊಡುವ ಹೊತ್ತಿಗೆ ಮೊಣಕಾಲಿನ ಕೆಳಗೆ ತೆಳು ದಿಂಬು ಇರಬಹುದು. ಮುಗಿದ ಮೇಲೆ ತೆಗೆಯಿರಿ. ರಾತ್ರಿಯಿಡೀ ಮೊಣಕಾಲಿನ ಕೆಳಗೆ ದಿಂಬು ಇಟ್ಟು ಮಲಗುವ ಅಭ್ಯಾಸ ಬಹಳ ಜನಕ್ಕಿದೆ. ಹಿತ ಅನಿಸುತ್ತದೆ ನಿಜ. ಆದರೆ ವರ್ಷಗಟ್ಟಲೆ ಹಾಗೆ ಮಾಡಿದರೆ ಕಾಲು ಪೂರ್ತಿ ನೀಟಾಗುವುದೇ ನಿಂತುಬಿಡುತ್ತದೆ. ಬಾಗಿದ ಮೊಣಕಾಲಲ್ಲಿ ನಡೆಯುವವರಿಗೆ ನೋವು ಎರಡು ಪಟ್ಟು.

ಚೀಲ, ಕರೆಂಟಿನ ಬ್ಯಾಗು, ಉಸುಕಿನ ಗಂಟು

ರಬ್ಬರಿನ ಚೀಲಕ್ಕೆ ಕುದಿಯುವ ನೀರು ಹಾಕಬಾರದು. ಕುದಿದ ನೀರು ಅರ್ಧ, ತಣ್ಣೀರು ಅರ್ಧ ಸೇರಿಸಿ, ಚೀಲದ ಮೂರರಲ್ಲಿ ಎರಡು ಭಾಗ ತುಂಬಿ. ಪಕ್ಕಕ್ಕೆ ಒರಗಿಸಿ, ನೀರು ಬಾಯಿಗೆ ಬರುವ ತನಕ ಮೆಲ್ಲಗೆ ಒತ್ತಿ ಗಾಳಿ ಹೊರಗೆ ಹಾಕಿ. ಬಿರಡೆ ಬಿಗಿದು, ಬಚ್ಚಲಲ್ಲಿ ತಲೆಕೆಳಗು ಮಾಡಿ ನೋಡಿ. ಮೇಲೆ ಬಟ್ಟೆಯ ಹೊದಿಕೆ, ಅದರ ಮೇಲೆ ಮಡಚಿದ ಟವೆಲ್. ಚೀಲವನ್ನು ಕಾಲಿನ ಮೇಲೆ ಇಡಬೇಕು, ಕಾಲನ್ನು ಚೀಲದ ಮೇಲೆ ಇಡಬಾರದು. ಕಾಲಿನ ಭಾರಕ್ಕೆ ಹೊದಿಕೆ ಅಮುಕಿ, ಚರ್ಮಕ್ಕೂ ಬಿಸಿಗೂ ಅಂತರವೇ ಇಲ್ಲದಂತಾಗುತ್ತದೆ. ಚೀಲದ ಮಡಿಕೆಯಲ್ಲಿ ಸಣ್ಣ ಬಿರುಕು ಕಂಡರೆ, ರಬ್ಬರ್ ಗಟ್ಟಿಯಾಗಿದ್ದರೆ ಎಸೆಯಿರಿ. ಬಿರುಕು ಕಾಣದಿದ್ದರೂ ಎರಡು ವರ್ಷಕ್ಕೊಮ್ಮೆ ಹೊಸದು ತನ್ನಿ.

ಕರೆಂಟಿಗೆ ಹಚ್ಚಿ ಬಿಸಿ ಮಾಡುವ ಬ್ಯಾಗು ಈಗ ಎಲ್ಲ ಮನೆಯಲ್ಲೂ ಇದೆ. ಒಳಗೆ ನೀರು, ನೀರಿನಲ್ಲಿ ಕರೆಂಟು, ಹೊರಗೆ ಒಂದು ಪ್ಲಾಸ್ಟಿಕ್ ಪದರ. ಅದನ್ನು ಮೈಮೇಲೆ ಇಟ್ಟುಕೊಂಡೇ ಸ್ವಿಚ್ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟೆಯ ಮೇಲೆ ಸಮ ಇಟ್ಟು ಬಿಸಿ ಮಾಡಿ, ಸ್ವಿಚ್ ಆರಿಸಿ, ಪಿನ್ ಕಿತ್ತು, ಆಮೇಲೆ ಮುಟ್ಟಿ. ಬಿಸಿಯಾಗುವಾಗ ಅದರ ಹತ್ತಿರ ಮೊಮ್ಮಕ್ಕಳು ಬರದಿರಲಿ. ಬ್ಯಾಗು ಬಲೂನಿನಂತೆ ಉಬ್ಬಿದರೆ, ಹೊಲಿಗೆಯಲ್ಲಿ ನೀರು ಜಿನುಗಿದರೆ ಅದರ ಕೆಲಸ ಮುಗಿಯಿತು. ಇದಕ್ಕೂ ಟವೆಲ್ ಸುತ್ತಲೇಬೇಕು.

ಉಸುಕು, ಇಲ್ಲವೆ ಹರಳುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುವ ಶಾಖ ನಮ್ಮ ಅವ್ವಂದಿರ ಕಾಲದ್ದು. ಹಿತವಾಗಿರುತ್ತದೆ, ಬೇಡ ಅನ್ನುವುದಿಲ್ಲ. ಹಂಚಿನ ಮೇಲೆ ಉಪ್ಪು ಎಷ್ಟು ಕಾಯಿತು ಅಂತ ಹೇಳಲು ಬರುವುದಿಲ್ಲ, ಅಷ್ಟೇ ತೊಂದರೆ. ಪ್ರತಿ ಸಲ ಹಂಚಿನಿಂದ ತೆಗೆದಾಗ ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಗಂಟನ್ನು ಒಂದೇ ಕಡೆ ಇಡದೆ ಮುಟ್ಟಿ ಮುಟ್ಟಿ ಎತ್ತುತ್ತ ಹೋಗಿ. ಅಜವಾನ ಹಾಕಿದರೆ ವಾಸನೆ ಚೆನ್ನಾಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ನಾನು ಗಂಟಿನ ಶಾಖ ಬೇಡವೇ ಬೇಡ ಅನ್ನುತ್ತೇನೆ. ಎಕ್ಕೆಯ ಎಲೆಗೆ ಔಡಲ ಎಣ್ಣೆ ಸವರಿ ಬೆಚ್ಚಗೆ ಮಾಡಿ ಕಟ್ಟುವವರಿದ್ದಾರೆ. ಎಕ್ಕೆಯ ಹಾಲು ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗೆ ತಾಗಿದರೆ ದೊಡ್ಡ ತೊಂದರೆ. ಬೆಚ್ಚಗಿನ ಟವೆಲ್ಲಿನಿಂದ ಆಗದ ಕೆಲಸ ಅದರಿಂದ ಏನೂ ಆಗುವುದಿಲ್ಲ.

ಇನ್ನು ಮುಲಾಮು. ನೋವಿನ ಮುಲಾಮು ತಿಕ್ಕಿ ಅದರ ಮೇಲೆ ಶಾಖ ಕೊಡುವುದು ಬಹಳ ಕಡೆ ನಡೆಯುತ್ತದೆ. "ಔಷಧ ಒಳಗ ಹೋಗ್ಲಿ ಅಂತ" ಅನ್ನುತ್ತಾರೆ. ಬಿಸಿಗೆ ಔಷಧ ಬೇಕಾದ್ದಕ್ಕಿಂತ ಜಾಸ್ತಿ ಒಳಗೆ ಹೋಗುತ್ತದೆ, ಚರ್ಮವೂ ಸುಡುತ್ತದೆ. ಮುಲಾಮಿನ ತಂಪು ಇರುವುದರಿಂದ ಬಿಸಿಯ ಅಂದಾಜೂ ಸಿಗುವುದಿಲ್ಲ. ಹಚ್ಚಿದ್ದರೆ ಸಾಬೂನಿನಿಂದ ತೊಳೆದು, ಆ ಹೊತ್ತಿನ ಶಾಖ ಬಿಡಿ. ಸರಿಯಾದ ಸರದಿ ಹೀಗೆ: ಮೊದಲು ಶಾಖ, ಆಮೇಲೆ ವ್ಯಾಯಾಮ, ಚರ್ಮ ಪೂರ್ತಿ ಆರಿದ ಮೇಲೆ ಮುಲಾಮು. ನೋವಿನ ಪಟ್ಟಿ ಅಂಟಿಸಿದ್ದರೂ ಇದೇ ಮಾತು.

ಕಾಲಿನ ಮೇಲೆ ಜಾಲದಂತೆ ಕಂದು ಗೆರೆಗಳು ಮೂಡಿವೆಯೋ ನೋಡಿಕೊಳ್ಳಿ. ಕಟ್ಟಿಗೆ ಒಲೆಯ ಮುಂದೆ ವರ್ಷಾನುಗಟ್ಟಲೆ ಕೂತ ಅಜ್ಜಿಯರ ಮುಂಗಾಲಲ್ಲಿ ಇದನ್ನು ನೋಡುತ್ತೇನೆ. ಸೀರೆಯ ಅಂಚು ಸ್ವಲ್ಪ ಮೇಲೆ ಸರಿಸಿದರೆ, ಒಲೆಯ ಕಡೆಗೆ ಇದ್ದ ಬದಿಯಲ್ಲಿ ಬಲೆ ಹಾಸಿದಂಥ ಗುರುತು. ದಿನಾ ಒಂದೇ ಜಾಗಕ್ಕೆ ತಾಸುಗಟ್ಟಲೆ ಬಿಸಿಚೀಲ ಇಟ್ಟವರಿಗೂ ಇದೇ ಗುರುತು ಬರುತ್ತದೆ. ಸುಡದಷ್ಟು ಬಿಸಿಯಾದರೂ ದಿನಾ ದಿನಾ ಅದೇ ಜಾಗಕ್ಕೆ ಬಿದ್ದರೆ ಚರ್ಮ ಕೆಡುತ್ತದೆ. ಈ ಗುರುತು ಕಂಡರೆ ಅಲ್ಲಿ ಬಿಸಿ ಪೂರ್ತಿ ನಿಲ್ಲಿಸಿ. ಬೇಗ ನಿಲ್ಲಿಸಿದರೆ ನಿಧಾನಕ್ಕೆ ಮಾಸುತ್ತದೆ. ಆ ಜಾಗದಲ್ಲಿ ಗಾಯವಾಗಿ ಮಾಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಕ್ಲಿನಿಕ್ಕಿನ ಯಂತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಾರ್ಟ್‌ವೇವ್, ಅಂದರೆ ರೇಡಿಯೋ ತರಂಗದಿಂದ ಕೊಡುವ ಬಿಸಿ, ಆಳಕ್ಕೆ ಇಳಿಯುತ್ತದೆ, ಆದರೆ ಪೇಸ್‌ಮೇಕರ್ ಇರುವವರು ಅದರ ಹತ್ತಿರವೂ ಹೋಗಬಾರದು. ಮೈಯಲ್ಲಿ ರಾಡು, ಪ್ಲೇಟು, ಹಾಕಿದ ಕೀಲು ಇದ್ದರೆ ಮೊದಲೇ ಹೇಳಿ. ಬರೀ ಯಂತ್ರದ ಕೆಳಗೆ ಮಲಗಿಸಿ, ವ್ಯಾಯಾಮ ಕಲಿಸದೆ ಕಳಿಸಿದರೆ ನೀವೇ ಕೇಳಿ ಕಲಿತುಕೊಳ್ಳಿ.

ಈಗ ಆ ಅರ್ಧ ತಾಸು

ಟವೆಲ್ ತೆಗೆದು, ಒರೆಸಿ, ಎದ್ದು ಹೋಗಬೇಡಿ. ಅಲ್ಲೇ ಶುರು ಮಾಡಿ.

ಕಾಲು ಚಾಚಿಯೇ ಇರಲಿ. ಒಣ ಟವೆಲ್ ಸುರುಳಿ ಸುತ್ತಿ ಮೊಣಕಾಲಿನ ಕೆಳಗೆ ಇಡಿ. ಪಾದವನ್ನು ನಿಮ್ಮ ಕಡೆಗೆ ಎಳೆದು, ಮೊಣಕಾಲಿನಿಂದ ಆ ಸುರುಳಿಯನ್ನು ಮಂಚಕ್ಕೆ ಒತ್ತಿ. ತೊಡೆಯ ಮೇಲೆ ಕೈ ಇಟ್ಟರೆ ಸ್ನಾಯು ಕಲ್ಲಾಗಿದ್ದು ತಿಳಿಯಬೇಕು, ಚಿಪ್ಪು ಮೇಲಕ್ಕೆ ಸರಿಯಬೇಕು. ಬಾಯಿಬಿಟ್ಟು ಐದರ ತನಕ ಎಣಿಸಿ, ಬಿಡಿ. ಬಾಯಿಬಿಟ್ಟು ಎಣಿಸಿ ಅನ್ನುವುದು ಉಸಿರು ಕಟ್ಟದಿರಲಿ ಅಂತ. ಬಿಪಿ ಇರುವವರಿಗೆ ಇದು ಮುಖ್ಯ. ಹತ್ತು ಸಲ. ಮೊದಮೊದಲು ಸ್ನಾಯು ಮಾತು ಕೇಳುವುದಿಲ್ಲ, ಚಿಪ್ಪು ಅಲ್ಲಾಡುವುದೇ ಇಲ್ಲ. ಬೇಸರ ಮಾಡಿಕೊಳ್ಳಬೇಡಿ. ನಾಲ್ಕಾರು ದಿನದಲ್ಲಿ ಬರುತ್ತದೆ.

ಆಮೇಲೆ ಹಿಮ್ಮಡಿಯ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟು, ಹಿಮ್ಮಡಿ ಜಾರಿಸುತ್ತ ಮೊಣಕಾಲು ಮಡಚಿ, ಮತ್ತೆ ಪೂರ್ತಿ ಚಾಚಿ. ಬಿಸಿಗೆ ನಾರುಗಳು ಹಿಗ್ಗಲು ತಯಾರಾಗಿರುವುದರಿಂದ ಮಡಚುವುದಕ್ಕೆ ಇದೇ ಒಳ್ಳೆಯ ಹೊತ್ತು. ಎಳೆತ ಅನಿಸುವ ತನಕ ಹೋಗಿ, ಅಲ್ಲಿ ಸ್ವಲ್ಪ ನಿಲ್ಲಿ. ಹತ್ತು ಸಲ ಸಾಕು.

ಮೂರನೆಯದು ಮಲಗಿ ಮಾಡುವುದು. ಒಳ್ಳೆಯ ಕಾಲನ್ನು ಮಡಚಿ, ನೋವಿನ ಕಾಲನ್ನು ನೆಟ್ಟಗೆ ಒಂದೂವರೆ ಗೇಣು ಎತ್ತಿ, ಐದು ಎಣಿಸಿ, ನಿಧಾನಕ್ಕೆ ಇಳಿಸಿ. ದಪ್ ಅಂತ ಬಿಡಬೇಡಿ. ಇಳಿಸುವುದೂ ವ್ಯಾಯಾಮವೇ.

ಕೊನೆಗೆ ಕುರ್ಚಿಯಿಂದ ಎದ್ದು ಕೂರುವುದು. ಕುರ್ಚಿ ತಗ್ಗಾದರೆ ಮೇಲೆ ಕೌದಿ ಮಡಚಿ ಹಾಕಿ ಎತ್ತರ ಮಾಡಿ. ಕೈ ಊರದೆ ಏಳಲು ನೋಡಿ, ಆಗದಿದ್ದರೆ ಊರಿಯೇ ಏಳಿ. ಐದರಿಂದ ಶುರು ಮಾಡಿ ಹತ್ತಕ್ಕೆ ಹೋಗಿ. ವಾರ ಕಳೆದಂತೆ ಕೌದಿಯ ಒಂದೊಂದು ಮಡಿಕೆ ಕಡಿಮೆ ಮಾಡುತ್ತ ಬನ್ನಿ. ನನ್ನ ಲೆಕ್ಕದಲ್ಲಿ ಎಲ್ಲ ವ್ಯಾಯಾಮಗಳಿಗಿಂತ ಇದು ದೊಡ್ಡದು. ಪಾಯಖಾನೆ, ಬಸ್ಸು, ದೇವಸ್ಥಾನದ ಮೆಟ್ಟಿಲು, ಎಲ್ಲದಕ್ಕೂ ಬೇಕಾದ ಬಲ ಇದೇ.

ಮಾಡುವಾಗ ಸ್ವಲ್ಪ ನೋವು ಆಗುತ್ತದೆ. "ನೋವಾಗತೈತಿ, ಇನ್ನಷ್ಟು ಸವಿಯತೈತಿ" ಅಂತ ಹೆದರಿ ಬಿಡುವವರೇ ಬಹಳ. ಹಾಗೇನೂ ಆಗುವುದಿಲ್ಲ. ಹತ್ತು ಅಂದರೆ ತಡೆಯಲಾಗದ ನೋವು ಅಂತಿಟ್ಟುಕೊಂಡರೆ ಮೂರು ನಾಲ್ಕರ ತನಕ ಪರವಾಗಿಲ್ಲ. ಮರುದಿನ ಬೆಳಿಗ್ಗೆಗೂ ನೋವು ಜಾಸ್ತಿಯೇ ಇದ್ದರೆ, ಊದಿದ್ದರೆ, ಎಣಿಕೆಯನ್ನು ಅರ್ಧ ಮಾಡಿ. ನಿಲ್ಲಿಸಬೇಡಿ.

ದಿನದಲ್ಲಿ ಒಮ್ಮೆ ಎಲ್ಲ ಸೇರಿಸಿ ಮಾಡಿದರೆ ಸಾಕು. ಬೆಳಿಗ್ಗೆ ಬಿಗಿತ ಜಾಸ್ತಿ ಇರುವವರು ಬೆಳಿಗ್ಗೆ ಮಾಡಿ. ಡಿಸೆಂಬರ್, ಜನವರಿಯಲ್ಲಿ ಸಂಜೆ ಇನ್ನೊಂದು ಸಲ ಬರೀ ಶಾಖ ತಗೊಳ್ಳಬಹುದು. ಜಳಕದ ಬಿಸಿನೀರೂ ಶಾಖವೇ. ಟವೆಲ್ಲಿಗೆ ಪುರುಸೊತ್ತು ಇಲ್ಲದವರು ಜಳಕ ಆದ ಕೂಡಲೇ ವ್ಯಾಯಾಮಕ್ಕೆ ಕೂರಿ.

ಇವುಗಳ ಜೊತೆ ಮೊಣಕಾಲಿನ ಮೇಲಿನ ಭಾರವೂ ಇಳಿಯಬೇಕು. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ. ರೊಟ್ಟಿ ಮಾಡುವುದನ್ನು ಕಟ್ಟೆಗೆ ಏರಿಸಿ, ನಿಂತು ಇಲ್ಲವೆ ಎತ್ತರದ ಸ್ಟೂಲಿನಲ್ಲಿ ಕೂತು ಬಡಿಯಿರಿ. ನವನಗರದ ಮನೆಗಳಲ್ಲಿ ಕಟ್ಟೆ ಇದ್ದೇ ಇರುತ್ತದೆ, ಆದರೂ ಅದರ ಕೆಳಗೆ ಕೂತು ರೊಟ್ಟಿ ಬಡಿಯುವ ಅವ್ವಂದಿರನ್ನು ನೋಡುತ್ತೇನೆ. ಕೈಕೋಲು ಹಿಡಿಯುವುದಾದರೆ ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಿರಿ. ಬಲಗಾಲು ನೋವಿದ್ದರೆ ಕೋಲು ಎಡಗೈಯಲ್ಲಿ.

ಬೆರಳುಗಳಿಗೆ, ಮತ್ತೆ ಬೇಸಿಗೆಗೆ

ಬೆರಳ ತುದಿಯ ಗೆಣ್ಣುಗಳಲ್ಲಿ ಗಟ್ಟಿ ಗಂಟು ಬಂದವರಿಗೆ ಬೆಚ್ಚಗಿನ ನೀರಿನ ಬೋಗುಣಿ ಸಾಕು. ಇಲ್ಲಿ ಕೈ ಪೂರ್ತಿ ಮುಳುಗುವುದರಿಂದ ನೀರು ಟವೆಲ್ಲಿನದಕ್ಕಿಂತ ಕಡಿಮೆ ಬಿಸಿ ಇರಲಿ. 40 ಡಿಗ್ರಿ, ಅಂದರೆ ಹದವಾದ ಜಳಕದ ನೀರು. ಹತ್ತು ನಿಮಿಷ ಮುಳುಗಿಸಿ, ನೀರಿನೊಳಗೇ ಮುಷ್ಟಿ ಕಟ್ಟಿ ಬಿಡಿ, ಹೆಬ್ಬೆರಳಿನಿಂದ ಒಂದೊಂದು ಬೆರಳ ತುದಿ ಮುಟ್ಟಿ. ಮೇಣದ ಶಾಖ ಕೈಗೆ ಚೆನ್ನಾಗಿರುತ್ತದೆ, ಆದರೆ ಅದನ್ನು ಕ್ಲಿನಿಕ್ಕಿನಲ್ಲೇ ತಗೊಳ್ಳಿ. ಮನೆಯ ಒಲೆಯ ಮೇಲೆ ಮೇಣ ಕಾಯಿಸುವುದು ಬೇಡ. ಬೇಗ ಹೊತ್ತಿಕೊಳ್ಳುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಬಹಳ ಜನಕ್ಕೆ ಬಿಗಿತ ತಾನೇ ಕಡಿಮೆ ಇರುತ್ತದೆ, ಶಾಖ ಬಿಟ್ಟರೂ ನಡೆಯುತ್ತದೆ. ಬೇಕೇ ಬೇಕು ಅನಿಸಿದರೆ ಸೂರ್ಯ ಏರುವ ಮೊದಲು, ಹತ್ತು ನಿಮಿಷ, ಫ್ಯಾನಿನ ಕೆಳಗೆ. ಮೊದಲೇ ಒಂದು ತಂಬಿಗೆ ನೀರು ಕುಡಿದಿರಿ. ವಯಸ್ಸಾದವರು ಶಾಖ ಮುಗಿದ ಕೂಡಲೇ ಧಡಕ್ಕನೆ ಎದ್ದರೆ ತಲೆ ತಿರುಗುತ್ತದೆ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಏಳಿ. ಕೆಲವರಿಗೆ ಬೇಸಿಗೆಯಲ್ಲಿ ತಣ್ಣೀರ ಬಟ್ಟೆಯೇ ಹಿತ ಅನಿಸುತ್ತದೆ. ಅದನ್ನೇ ಮಾಡಿ. ವ್ಯಾಯಾಮವನ್ನು ಮಾತ್ರ ಯಾವ ಕಾಲಕ್ಕೂ ಬಿಡಬೇಡಿ. ಮೂರು ತಿಂಗಳು ಸರಿಯಾಗಿ ಮಾಡಿದ ಮೇಲೂ ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಕಾಲು ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ, ನಡೆಯುವಾಗ ಮೊಣಕಾಲು ಕೈಕೊಟ್ಟು ಬೀಳುವಂತಾಗುತ್ತಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸಿ, ನಿಂತು ತೆಗೆಸಿದ ಎಕ್ಸ್‌ರೇ ಮಾಡಿಸಿ.